ನಮ್ಮ ಹಗ್ಗದ ಮೇಲಿನ ಹತ್ತೊಂಬತ್ತು ಮಂದಿ

ಕಾಲೇಜು ವಿದ್ಯಾರ್ಥಿಗಳ ಧನಸಹಾಯ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಮನೆಯಲ್ಲಿ ಹತ್ತೊಂಬತ್ತು ಮಂದಿ ಇದ್ದಾರೆಂದು ತಾವು ತೀರ್ಮಾನಿಸಿದ್ದೀರಿ. ಅವರಲ್ಲಿ ಒಬ್ಬರು ವಕೀಲರು, ಒಬ್ಬರು ಪೊಲೀಸ್ ಇನ್ಸ್‌ಪೆಕ್ಟರ್, ಮೂವರು ನರ್ಸ್‌ಗಳು. ಇಷ್ಟು ಜನ ದುಡಿಯುವ ಕುಟುಂಬಕ್ಕೆ ಸಹಾಯವೇಕೆ ಎಂದು ನನ್ನ ಮಗಳ ಅರ್ಜಿಯನ್ನು ತಳ್ಳಿಹಾಕಿದ್ದೀರಿ. ಓದಿ ನನಗೇ ಹೆಮ್ಮೆಯಾಯಿತು. ಮಾನ್ಯರೇ, ನಾವಿರುವುದು ನಾಲ್ವರು: ನಾನು, ಯಜಮಾನರು, ಅತ್ತೆ, ಮಗಳು. ನಮ್ಮದು ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಕಸುಬು.

ಮನೆಮಂದಿಯ ಬಾಯಿಮಾತು ನಂಬಬೇಡಿ, ಹಗ್ಗದ ಮೇಲೆ ಒಣಗುವ ಬಟ್ಟೆ ನೋಡಿ ತಲೆ ಎಣಿಸಿ ಎಂದು ಸುತ್ತೋಲೆ ಹೊರಡಿಸಿದ ಮಹಾನುಭಾವರು ಯಾರೋ ಕಾಣೆ. ನಿಮ್ಮ ತನಿಖೆದಾರರು ನಮ್ಮ ಹಿತ್ತಿಲಿಗೆ ಬಂದು, ಕತ್ತೆತ್ತಿಕೊಂಡು ಹಗ್ಗದಿಂದ ಹಗ್ಗಕ್ಕೆ ನಡೆದರಂತೆ. ಕರಿ ಕೋಟು ಕಂಡಿತು, ವಕೀಲರು ಹುಟ್ಟಿದರು. ಖಾಕಿ ಕಂಡಿತು, ಇನ್ಸ್‌ಪೆಕ್ಟರ್ ಹುಟ್ಟಿದರು. ಹೆರಿಗೆ ಆಸ್ಪತ್ರೆಯಲ್ಲೂ ಇಷ್ಟು ಚುರುಕಾಗಿ ಕೆಲಸ ನಡೆಯುವುದಿಲ್ಲ. ಅಲ್ಲೇ ಕೂತಿದ್ದ ಅತ್ತೆ, "ಅಯ್ಯೋ, ಇವೆಲ್ಲ ಬೀದಿಯವರ ಬಟ್ಟೆ ಕಣಪ್ಪಾ!" ಎಂದು ಬಡಕೊಂಡರೆ, "ದುಡ್ಡು ಬೇಕಂದ್ರೆ ಎಲ್ರೂ ಹೀಗೇ ಹೇಳೋದು ಅಜ್ಜಿ" ಎಂದರಂತೆ ಆ ಪುಣ್ಯಾತ್ಮರು.

ಇದನ್ನೆಲ್ಲ ನಕ್ಕು ಮರೆಯುತ್ತಿದ್ದೆನೇನೋ. ಆದರೆ ಆ ಹತ್ತೊಂಬತ್ತರಲ್ಲಿ ನನ್ನ ಮಗಳೇ ಇಲ್ಲ! ಹಾಸ್ಟೆಲಿಗೆ ಹೋಗುವ ಸಂಭ್ರಮಕ್ಕೆ ಅವಳು ಬಟ್ಟೆಯನ್ನೆಲ್ಲ ಮಡಿಸಿ ಪೆಟ್ಟಿಗೆಗೆ ತುಂಬಿಬಿಟ್ಟಿದ್ದಳು. ಹಗ್ಗದ ಮೇಲೆ ಅವಳದೊಂದು ಕರವಸ್ತ್ರವೂ ಇರಲಿಲ್ಲ. ಓದುವವಳೇ ಮನೆಯಲ್ಲಿಲ್ಲದ ಮೇಲೆ ಸಹಾಯ ಯಾರಿಗೆ ಎಂದು ಕೆಳಗೊಂದು ಸಾಲು ಬೇರೆ ಸೇರಿಸಿದ್ದೀರಿ. ಹೆತ್ತವಳು ಅದನ್ನು ಹೇಗೆ ಓದಬೇಕು, ಸ್ವಾಮಿ?

ನಿಮ್ಮ ಕಚೇರಿಗೆ ಓಡಿದೆ. ಕಿಟಕಿಯಾಚೆಯ ಗುಮಾಸ್ತರು ಕಡತ ತಿರುವಿ, "ತಕರಾರಿದ್ರೆ ಮನೇಲಿರೋ ದೊಡ್ಡವರೆಲ್ಲ ಸಹಿ ಹಾಕ್ಬೇಕಮ್ಮ. ವಕೀಲರನ್ನ ಕರ್ಕೊಂಡು ಬನ್ನಿ" ಎಂದರು.

"ನಮ್ಮನೇಲಿ ವಕೀಲರಿಲ್ಲ ಸ್ವಾಮಿ, ಅವರ ಕೋಟಿದೆ ಅಷ್ಟೇ."

"ಹಾಗಾದ್ರೆ ಮನೆ ಬಿಟ್ಟು ಹೋಗಿದೀನಿ ಅಂತ ಅವರಿಂದ್ಲೇ ಬರೆಸ್ಕೊಂಡು ಬನ್ನಿ."

ಬಾರದವರು ಬಿಟ್ಟುಹೋಗುವುದು ಹೇಗೆ? ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, "ವಕೀಲ್ರು ಮನೇಲೇ ಇದಾರಲ್ಲೇ, ಒಂದು ಕೇಸ್ ಹಾಕ್ಸೋಣ ಬಿಡು" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಸೋಮವಾರದೊಳಗೆ ಶುಲ್ಕ ಕಟ್ಟದಿದ್ದರೆ ಅವಳ ಸೀಟು ಇನ್ನೊಬ್ಬರ ಪಾಲು. ಮಗಳಂತೂ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತು, "ಹೋಗ್ಲಿ ಬಿಡಮ್ಮಾ, ಇದನ್ನೇ ಮಾಡ್ಕೊಂಡಿರ್ತೀನಿ" ಎನ್ನುತ್ತಾಳೆ. ಆ ಮಾತನ್ನು ನನಗೆ ತಡೆದುಕೊಳ್ಳಲಾಗುತ್ತಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ: ತಾವೇ ಖುದ್ದಾಗಿ ಬಂದು ಎಣಿಸಿ. ಬೀದಿಯವರ ಬಟ್ಟೆಗಳನ್ನೆಲ್ಲ ವಾಪಸ್ ಕೊಟ್ಟು ಕಸುಬು ನಿಲ್ಲಿಸಿದ್ದೇನೆ. ಮಗಳ ಪೆಟ್ಟಿಗೆ ಬಿಚ್ಚಿ, ಒಗೆದಿದ್ದನ್ನೇ ಮತ್ತೆ ಒಗೆದು, ನಮ್ಮ ನಾಲ್ವರ ಬಟ್ಟೆ ಮಾತ್ರ ಹಗ್ಗಕ್ಕೆ ಹಾಕಿದ್ದೇನೆ. ಬೇಗ ಬನ್ನಿ. ಒಣಗಿದ ಕೂಡಲೇ ಅವಳದನ್ನು ಮಡಿಸಿ ಅವಳನ್ನು ಕಳಿಸಬೇಕು.

ಇಂತಿ,
ಹತ್ತೊಂಬತ್ತು ಮಂದಿಯ ಮನೆಯೊಡತಿ,
ಲೆಕ್ಕಕ್ಕೆ ಸಿಗದ ಒಬ್ಬಳೇ ಮಗಳ ತಾಯಿ