ಹಾಲು, ಕಣೇ, ಹಾಲು

ಫೆಬ್ರವರಿ ೯

ಪ್ರೀತಿಯ ಪಿಪೆಟ್,

ಹೇಗಿದ್ದೀಯೆ? ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಇಷ್ಟು ಹೊತ್ತಿಗೆ ನನಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತಿರುತ್ತೀಯ, ಎತ್ತು, ತಪ್ಪು ನನ್ನದೇ. ವರ್ಷದ ಮಾರುಕಟ್ಟೆ ವರದಿ ಬರೆಯುವ ಕೆಲಸ ನನ್ನ ತಲೆಗೇ ಕಟ್ಟಿದ್ದರು. ಫೋನಾದರೂ ಮಾಡಬಹುದಿತ್ತಲ್ಲ ಅನ್ನಬೇಡ, ಅದು ಕಂಪನಿಯ ಫೋನು. ಕಾಗದವೂ ಕಾರ್ಖಾನೆಯ ಅಂಚೆ ಟ್ರೇಯಿಂದಲೇ ಹೋಗಬೇಕು, ಲಕೋಟೆಗೆ ಗೋಂದು ಹಚ್ಚುವವರು ಭಾವನವರೇ. ಗಂಡನ ಅಣ್ಣ, ಮೇಲಾಗಿ ಮಾಲೀಕರು. ಓದಿದರೂ ಓದಿಯಾರು, ಅದಕ್ಕೇ ಅವರಿಗೂ ಇಲ್ಲಿಂದಲೇ ಒಂದು ನಮಸ್ಕಾರ.

ನೀನು ಕೇಳಿದ್ದು ಒಂದೇ ಪ್ರಶ್ನೆ. ನಿನ್ನವರು ಮೇಷ್ಟರ ಕೆಲಸ ಬಿಟ್ಟು, ಇರುವ ಮನೆ ಮಾರಿ, ಶಾಂಪೂವಿನ ನೊರೆಗೆ ಹಾಕುವ ಸಲ್ಫೇಟ್ ತಯಾರಿಸುವ ನಮ್ಮ ಹಳೆಯ ಘಟಕ ಕೊಳ್ಳಲು ಹೊರಟಿದ್ದಾರೆ, ಕೊಳ್ಳಬಹುದೇ ಎಂದು. ಪೇಟೆಯಲ್ಲಂತೂ ಈಗ ಎಲ್ಲರ ಬಾಯಲ್ಲೂ ಹಸಿರು. ಶಾಂಪೂ ಆಗಲಿ, ಪಾತ್ರೆ ತೊಳೆಯುವ ದ್ರವವಾಗಲಿ, ಒಳಗಿನ ಸರ್ಫ್ಯಾಕ್ಟಂಟ್ ಸಕ್ಕರೆಯಿಂದಲೋ ತೆಂಗಿನೆಣ್ಣೆಯಿಂದಲೋ ಬಂದಿರಬೇಕಂತೆ. ಹೊಸ ಹಸಿರು ದ್ರವದ ಒಂದು ಬಾಟಲಿ ಮನೆಗೂ ತಂದಿದ್ದೆ. ಅತ್ತೆ ಎರಡು ಲೋಟ ತೊಳೆದು ಕೇಳಿದರು, "ಸರ್ಫ್ಯಾಕ್ಟಂಟ್ ಅಂದ್ರೆ ಏನೇ?"

"ನೊರೆ ಬರಿಸಿ ಕೊಳೆ ಬಿಡಿಸೋದು ಅತ್ತೆ."

"ಹಾಗಾದ್ರೆ ನೊರೇನೇ ಬರದೇ ಇರೋ ಇದನ್ನ ಯಾವ ಸುಖಕ್ಕೆ ಮಾಡ್ತೀರಿ?"

ಭಾವನವರಿಗೆ ಇದನ್ನು ಕೇಳಿ ಖುಷಿಯೋ ಖುಷಿ. "ಹಸಿರು ಅನ್ನೋದೆಲ್ಲ ಅಂಗಡಿ ಗಾಜಿಗೆ. ನೊರೆ ಕಾಣ್ದಿದ್ರೆ ಜನ ಇನ್ನೆರಡು ಮುಚ್ಚಳ ಸುರ್ಕೋತಾರೆ. ಸಲ್ಫೇಟಿಗೆ ಸಾವಿಲ್ಲ" ಎನ್ನುತ್ತಾರೆ. ಯಂತ್ರಗಳು ಗಟ್ಟಿಯಾಗಿವೆ. ಘಟಕ ಕೊಳ್ಳಿ, ನಷ್ಟವಿಲ್ಲ.

ನಮ್ಮವರು ಎಂದಿನಂತೆ ಮಾತು ಕಡಿಮೆ, ಊಟ ಜಾಸ್ತಿ. ಪಾಪದ ಪ್ರಾಣಿ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ, ನಿನ್ನವರಿಗೆ ನಮಸ್ಕಾರ.

ನಿನ್ನ
ಬೀಕರ್

ತಾ.ಕ.: ಬರೆಯುತ್ತ ಕೂತು ಒಲೆ ಕಡೆ ಗಮನವೇ ಇಲ್ಲ. ಹಾಲು, ಕಣೇ, ಹಾಲು!

ಮಾರ್ಚ್ ೧೭

ಪಿಪೆಟ್,

ಈ ಕಾಗದ ಟ್ರೇಯ ಹತ್ತಿರವೂ ಸುಳಿದಿಲ್ಲ. ನನ್ನ ಕೂದಲು ಕತ್ತರಿಸುವ ಪಾರ್ಲರಿನವಳ ಕೈಯಲ್ಲಿ ಕೊಡುತ್ತಿದ್ದೇನೆ, ಅವಳೇ ಅಂಚೆಗೆ ಹಾಕುತ್ತಾಳೆ. ಮೊದಲೇ ಯಾಕೆ ಹೀಗೆ ಮಾಡಲಿಲ್ಲ ಎಂದು ಕೇಳುತ್ತೀಯ. ಧೈರ್ಯ ಬರಲಿಲ್ಲ, ಅಷ್ಟೇ. ನಿನಗೆ ಬರೆದ ಆ ಒಂದು ಗುಟ್ಟೇ ಸಾಕು ಎಂದು ನಂಬಿಕೊಂಡಿದ್ದೆ.

ಪಾರ್ಲರಿನಲ್ಲಿ ನಮ್ಮ ಸಲ್ಫೇಟಿನ ಶಾಂಪೂ ಇರುತ್ತಿದ್ದ ಜಾಗ ಈಗ ಖಾಲಿ. ಯಾಕೆ ಎಂದೆ. "ಬರೋರೆಲ್ಲ ಬಾಟಲಿ ತಿರುಗಿಸಿ ಓದ್ತಾರೆ ಮೇಡಂ. ಸಲ್ಫೇಟ್ ಅಂತ ಕಂಡ್ರೆ ತಲೇನೇ ಕೊಡಲ್ಲ" ಎಂದಳು. ನನ್ನ ವರದಿಯಲ್ಲಿ ಇದ್ದದ್ದೂ ಅದೇ. ನಮ್ಮ ದೊಡ್ಡ ಗಿರಾಕಿಗಳೆಲ್ಲ ಬರುವ ವರ್ಷದಿಂದ ಸಲ್ಫೇಟ್ ಬೇಡ ಎಂದು ಹೇಳಿಯಾಗಿದೆ. ಅದನ್ನು ಓದಿದ ಮೇಲೆಯೇ ಭಾವ ಘಟಕ ಮಾರಲು ಹೊರಟದ್ದು. "ಕೊಳ್ಳಿ, ನಷ್ಟವಿಲ್ಲ" ಎಂಬ ಸಾಲು ಬರೆಯುವಾಗ ಅವರು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. "ಗೆಳತಿಗೆ ನಾಕು ಒಳ್ಳೆ ಮಾತು ಬರಿಯಮ್ಮಾ" ಎಂದರು. ಬರೆದೆ. ಆದರೆ ತಾಜಾಕಲಂ ನನ್ನದೇ. ಅದನ್ನು ಓದಿ ಅವರು ನಕ್ಕು, "ಹೋಗಮ್ಮ, ಉಕ್ಕೀತು ಹಾಲು" ಎಂದರು. ಗೆದ್ದೆ ಅಂದುಕೊಂಡೆ ಕಣೇ.

ನಿನಗೆ ನಿಜವಾಗಿಯೂ ನೆನಪಿಲ್ಲವಾ? ಕಾಲೇಜಿನ ಪ್ರಯೋಗಾಲಯದಲ್ಲಿ ಫ್ಲಾಸ್ಕು ಮೇಲ್ನೋಟಕ್ಕೆ ತಣ್ಣಗೆ ಕಂಡು ಒಳಗೆ ಸಿಡಿಯಲು ಕಾಯುತ್ತಿದ್ದರೆ ನಾನು "ಹಾಲು!" ಎಂದು ಕೂಗುತ್ತಿದ್ದೆ. ನೀನು ಯಾಕೆ ಏನು ಎಂದು ಕೇಳದೆ ಬರ್ನರ್ ಆರಿಸಿ ಹಿಂದೆ ಸರಿಯುತ್ತಿದ್ದೆ. ಆಮೇಲೆ ಎಲ್ಲದಕ್ಕೂ ಅದೇ ಮಾತಾಯಿತು. ವಾರ್ಡನ್ ಬಂದರೆ ಹಾಲು. ಆ ಹಲ್ಲುಕಿರಿಯುವ ಸೀನಿಯರ್ ನಿನಗೆ ಪುಸ್ತಕ ಕೊಡಲು ಬಂದರೆ ಹಾಲು. ಒಮ್ಮೆಯೂ ನೀನು ತಿರುಗಿ ಕೇಳಿದವಳಲ್ಲ.

ಈ ಸಲ ನೀವಿಬ್ಬರೂ ನಗುನಗುತ್ತಾ ಸಹಿ ಹಾಕಲು ಬಂದೇಬಿಟ್ಟಿರಿ. ಊಟದ ಮೇಜಿನ ಮೇಲೆ ಕರಾರು ಪತ್ರ, ಎದುರಿಗೆ ಭಾವ, ಪಕ್ಕದಲ್ಲಿ ನಮ್ಮವರು. ನಾನು ಕಾಫಿ ತಂದೆ. ನಿನ್ನ ಕಣ್ಣಲ್ಲಿ ಕಣ್ಣಿಟ್ಟು, "ಹಾಲು ಬೇಕೇನೇ? ಹಾಲು?" ಎಂದು ಎರಡೆರಡು ಸಲ ಕೇಳಿದೆ.

"ಬೇಡ ಕಣೇ, ಹಾಲು ಬಿಟ್ಟು ಎಷ್ಟೋ ದಿನ ಆಯ್ತು. ಈಗೇನಿದ್ರೂ ಓಟ್ಸ್‌ದು, ಬಾದಾಮಿದು" ಎಂದೆ ನೀನು.

"ನೋಡಿದ್ರಾ, ಹಸಿರು ನಮ್ಮ ಕಾಫಿಗೂ ಬಂತು!" ಎಂದು ಭಾವ ಮೇಜು ಕುಟ್ಟಿ ನಕ್ಕರು. ಎಲ್ಲರೂ ನಕ್ಕಿರಿ. ನಾನೂ ನಕ್ಕೆ, ಇನ್ನೇನು ಮಾಡಲಿ? ಸಹಿಯೂ ಆಗಿಹೋಯಿತು. ಬಾಯಿ ಬಿಟ್ಟು ಹೇಳಲು ನನಗೇನಾಗಿತ್ತು ಎಂದು ಅವತ್ತಿನಿಂದ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ. ಹೇಳಿದ್ದರೆ ಆ ಸಂಜೆ ನಾನು ಹೋಗಬೇಕಾಗಿದ್ದು ಎಲ್ಲಿಗೆ? ನಮ್ಮ ಹಿತ್ತಲ ಬಾಗಿಲು ತೆರೆದರೆ ಕಾರ್ಖಾನೆ, ಮುಂಬಾಗಿಲು ತೆರೆದರೆ ಕಾರ್ಖಾನೆಯ ಗೇಟು. ಕಾವಲುಗಾರ ಪ್ರೀತಿಯಿಂದಲೇ "ಎಲ್ಲಿಗಮ್ಮಾ?" ಎಂದು ಕೇಳುತ್ತಾನೆ, ನಾನು ಹೇಳಿದ ಉತ್ತರವನ್ನು ಅಷ್ಟೇ ಪ್ರೀತಿಯಿಂದ ಭಾವನಿಗೆ ಮುಟ್ಟಿಸುತ್ತಾನೆ. ಸಂಬಳ ಕೊಡುವ ಕೈ, ಊಟಕ್ಕೆ ಕರೆಯುವ ಬಾಯಿ, ಎರಡೂ ಅವರವೇ. ಉಸಿರು ಕಟ್ಟುತ್ತದೆ ಕಣೇ.

ಈಗ ಮುಖ್ಯ ಮಾತು ಕೇಳು. ಯಂತ್ರಗಳು ಇನ್ನೂ ನಿಮ್ಮ ಕೈಗೆ ಬಂದಿಲ್ಲ, ಮನೆಯ ಬೀಗದ ಕೈ ನೀವಿನ್ನೂ ಕೊಟ್ಟಿಲ್ಲ. ಇವತ್ತೇ ವಕೀಲರ ಹತ್ತಿರ ಓಡು, ಈ ಕಾಗದ ತೋರಿಸು. ನನ್ನ ಹೆಸರು ಹೇಳಬೇಡ ಎಂದು ಬರೆಯಲು ಕೈ ಹಾತೊರೆಯುತ್ತಿದೆ, ಆದರೆ ಹೆಸರಿಲ್ಲದ ಕಾಗದವನ್ನು ಯಾರು ಕೇಳುತ್ತಾರೆ? ತೋರಿಸು, ಬೀಕರ್ ಅಂದರೆ ಯಾರು ಎಂದೂ ಹೇಳು. ನನ್ನದು ಏನಾಗುತ್ತದೋ ಆಗಲಿ.

ನಿನ್ನ ಮಕ್ಕಳು ತಮ್ಮ ಮನೆಯಲ್ಲೇ ಬೆಳೆಯಲಿ, ಆ ಮನೆಯ ಬಾಗಿಲುಗಳು ಅವರಿಗೆ ಬೇಕಾದ ಕಡೆ ತೆರೆಯಲಿ.

ನಿನ್ನ
ಬೀಕರ್

ತಾ.ಕ.: ನೀನು ಮರೆತದ್ದಕ್ಕೆ ನಾನು ಅತ್ತದ್ದು ನಿಜ. ಆದರೆ ನಿದ್ದೆ ಕೆಡಿಸಿರುವುದು ಅದಲ್ಲ. ಮದುವೆಯಾದ ಹೊಸದರಲ್ಲಿ ಈ ಹಾಲಿನ ಕತೆಯನ್ನು ನಮ್ಮವರಿಗೆ ಹೇಳಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಎಷ್ಟೋ ದಿನ ನನ್ನನ್ನು "ಹಾಲು" ಎಂದೇ ಕರೆಯುತ್ತಿದ್ದರು. ಅವತ್ತು ನಾನು ಎರಡನೇ ಸಲ "ಹಾಲು?" ಎಂದಾಗ ಅವರು ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದರು. ಅವರಿಗೆ ಅರ್ಥವಾಯಿತು, ಪಿಪೆಟ್. ನಿನ್ನವರು ಪೆನ್ನಿಗಾಗಿ ಜೇಬು ತಡಕುತ್ತಿದ್ದರಲ್ಲ, ಆಗ ತಮ್ಮ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟದ್ದು ನಮ್ಮವರೇ.