ನಿಲ್ಲುವ ಮೆಷಿನ್

ಸಲ್ವಾ, ಕುವೈತ್

ಅಕ್ಕಾ,

ಮೇಡಮಿನ ಗಂಡ ಬೇಟೆಯಾಡಿ ತರುವ ಮೊಲವನ್ನು ಕೀಮಾ ಮಾಡುವುದು ನಾನೇ. ಮೆಷಿನಿಗೆ ಹಾಕುವ ಮೊದಲು, ಅಕ್ಕಿಯ ಕಲ್ಲು ಆರಿಸಿದ ಹಾಗೆ, ಮಾಂಸದಲ್ಲಿ ಉಳಿದ ಬಂದೂಕಿನ ಚರೆಗಳನ್ನು ಬೆರಳಲ್ಲೇ ಹುಡುಕಿ ತೆಗೆಯಬೇಕು. ಈಗ ನನ್ನ ಬೆರಳು ಮರಗಟ್ಟಿ, ಮುಟ್ಟಿದ್ದು ಏನೂ ಗೊತ್ತಾಗುವುದಿಲ್ಲ. ಮೊನ್ನೆ ಒಂದು ಚರೆ ತಪ್ಪಿ ಬ್ಲೇಡು ಮುರಿಯಿತು. ಮೆಷಿನ್ ಹಳತಾಯಿತು ಎಂದುಕೊಂಡು ಮೇಡಂ ಹೊಸದನ್ನು ನನಗೇ ಆರಿಸಲು ಹೇಳಿದರು.

ಎರಡು ನೋಡಿದೆ. ಒಂದು ಚರೆಯನ್ನೂ ಸೇರಿಸಿ ಅರೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಗಟ್ಟಿ ಏನಾದರೂ ಸಿಕ್ಕಿದರೆ ನಿಂತುಬಿಡುತ್ತದೆ. ತಿನ್ನುವವರು ಸಣ್ಣ ಮಕ್ಕಳು. ನಿಲ್ಲುವುದನ್ನೇ ತರಿಸಿದೆ.

ಅದು ಎರಡು ಸಲ ನಿಂತರೆ ಸಾಕು, ಮೇಡಂ ನನ್ನ ಕೈ ನೋಡುತ್ತಾರೆ. ಊರಲ್ಲಿ ನಮ್ಮ ಅಡುಗೆಮನೆ ಪಕ್ಕದ ಕೋಣೆಯ ತೆಂಗಿನಕಾಯಿಗಳನ್ನು ಬೇರೆ ಕಡೆ ಇಡು. ನನಗೆ ಮಲಗಲು ಬೇಕಾದೀತು.

ನಿನ್ನ ತಂಗಿ
ವಾರಿಜಾ