ಮೀನಿನ ಸಾಸ್ ಇಲ್ಲದ ಕಿಮ್ಚಿ

ನವೆಂಬರ್ 11, ಸೋಮವಾರ

ಇವತ್ತೂ ತಟ್ಟೆ ಅರ್ಧಕ್ಕೇ ವಾಪಸ್. ಮೀನು ಸಾರು. ಯೂಟ್ಯೂಬ್ ನೋಡಿ, ಮೂಗಿಗೆ ಸೆರಗು ಕಟ್ಟಿಕೊಂಡು ಮಾಡಿದ್ದು. ಶನಿವಾರಸಂತೆಯ ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಮೇ ತಿಂಗಳಲ್ಲಿ ಮದುವೆಯಾಗಿ ಮಾದಾಪುರಕ್ಕೆ ಬಂದ ಮೇಲೆಯೇ ಮೀನು ಮುಟ್ಟಿದ್ದು.

ಇವರ ಮಗಳು ಮೋಕ್ಷಿತಾ ಬೈಯುವ ಹುಡುಗಿ ಅಲ್ಲ. ಬೈದಿದ್ದರೆ ಸುಲಭವಿತ್ತು. "ಅಮ್ಮ ಇದಕ್ಕೆ ಕಾಚಂಪುಳಿ ಹಾಕ್ತಿದ್ರು" ಎಂದಳು. ಅಷ್ಟೇ. ಎದ್ದು ಹೋದಳು. ಹೋದ ವಾರ ಆ ಕಪ್ಪು ಹುಳಿ, ಕಾಚಂಪುಳಿ, ಹಾಕಿದ್ದೆ. ಆಗ, "ಅಮ್ಮ ಇಷ್ಟು ಹಾಕ್ತಿರಲಿಲ್ಲ."

ಅವಳ ಅಮ್ಮ ತೀರಿಕೊಂಡು ಮೂರು ವರ್ಷ. ಅಡುಗೆಮನೆಯ ಪ್ರತಿಯೊಂದು ಪಾತ್ರೆಯಲ್ಲೂ ಅವರ ಕೈರುಚಿ ಇದೆ. ನಾನು ಏನು ಮಾಡಿದರೂ ಅದು ಅವರದ್ದರ ಕೆಟ್ಟ ಕಾಪಿ...

ನವೆಂಬರ್ 14, ಗುರುವಾರ

ಪೋಸ್ಟಾಫೀಸಿನ ಕೆಲಸ ಮುಗಿಸಿ ಬೇಗ ಬಂದೆ. ಹುಡುಗಿ ಕೊರಿಯನ್ ನೂಡಲ್ಸ್ ತಿನ್ನುತ್ತಿದ್ದಳು, ಕಣ್ಣು ಮೂಗಲ್ಲೆಲ್ಲ ನೀರು. ಮೊಬೈಲಲ್ಲಿ ಕೊರಿಯಾದವರ ಸೀರಿಯಲ್. ಅದರಲ್ಲೂ ಯಾರೋ ಉಣ್ಣುತ್ತಿದ್ದರು. ಮುಖ ಎಷ್ಟು ಹಗುರಾಗಿತ್ತು! ನನ್ನ ನೋಡಿ ಮತ್ತೆ ಗಂಟು.

ಆಮೇಲೆ ಪಾತ್ರೆ ತೊಳೆಯುವಾಗ ಹೊಳೆಯಿತು. ಆ ಅಡುಗೆಯನ್ನು ಅವಳಮ್ಮ ಒಂದು ದಿನವೂ ಮಾಡಿಲ್ಲ! ಅಂದರೆ ನಾನು ಕೆಡಿಸಿದರೂ, ಬರೀ ಕೆಟ್ಟಿರುತ್ತದೆ. ಯಾರದೋ ಹಾಗೆ ಇಲ್ಲ ಅಂತಾಗುವುದಿಲ್ಲ.

ನವೆಂಬರ್ 17, ಭಾನುವಾರ

ಮೊದಲ ಪ್ರಯೋಗ. ಕೊರಿಯಾದ ಕಡೆ ಮೊಟ್ಟೆಯನ್ನು ನೀರಲ್ಲಿ ಕಲಸಿ, ಮುಚ್ಚಿ ಬೇಯಿಸುತ್ತಾರೆ, ಮೆತ್ತಗೆ ಉಬ್ಬುತ್ತದೆ. ನನ್ನದು ಉಬ್ಬಿ, ಉಕ್ಕಿ, ಸ್ಟೌ ಮೇಲೆಲ್ಲ ಹರಿಯಿತು.

ಮೋಕ್ಷಿತಾ ಬಾಗಿಲಲ್ಲಿ ನಿಂತು ನೋಡಿದಳು. "ಅದು ಕೊರಿಯನ್ನಾ?"

"ಆಗಬೇಕಿತ್ತು."

"ನೀರು ಜಾಸ್ತಿ ಹಾಕಿದ್ದೀರಿ. ಪಾತ್ರೆಯೂ ಚಿಕ್ಕದಾಯ್ತು." ನಿಂತಲ್ಲೇ ಚಮಚದಲ್ಲಿ ತಿಂದಳು. ಪೂರ್ತಿ. ಉಪ್ಪು ಕಡಿಮೆ ಎಂದಳು. ಯಾರು ಎಷ್ಟು ಹಾಕುತ್ತಿದ್ದರು ಎಂದು ಹೇಳಲಿಲ್ಲ.

ನವೆಂಬರ್ 24, ಭಾನುವಾರ

ಅಕ್ಕಿಹಿಟ್ಟಿನ ಉದ್ದ ಕಡುಬು, ಕೆಂಪು ಖಾರದ ಗೊಜ್ಜಿನಲ್ಲಿ. ಹಿಟ್ಟು ಬೇಯಿಸಿ ಹೊಸೆಯುವುದು ನನಗೆ ಹೊಸದಲ್ಲ ಅಂದುಕೊಂಡಿದ್ದೆ. ಗೊಜ್ಜಿಗೆ ಹಾಕಿದ ಕೂಡಲೇ ಕರಗಿ ಪೋಸ್ಟಾಫೀಸಿನ ಗೋಂದಾಯಿತು. ಕೆಂಪು ಗೋಂದು. ಸೌಟು ಎತ್ತಿದರೆ ಬಾಣಲೆಯೇ ಎದ್ದು ಬಂತು.

ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ನೆಲಕ್ಕೆ ಕೂತು. ಈ ಮನೆಯಲ್ಲಿ ಅವಳ ನಗು ಕೇಳಿದ್ದು ಇದೇ ಮೊದಲು. ಕಾಫಿ ಪಿಕ್ಕಿಂಗ್ ಲೆಕ್ಕ ಬರೆಯುತ್ತಿದ್ದ ಇವರು — ಎಸ್ಟೇಟ್ ರೈಟರ್ ತೀರ್ಥಪ್ರಸಾದ್, ನಗುವುದೇ ಅಪರೂಪ — ಪೆನ್ನು ಹಿಡಿದುಕೊಂಡೇ ಓಡಿ ಬಂದರು.

ಡಿಸೆಂಬರ್ 8, ಭಾನುವಾರ

ಕಿಮ್ಚಿ, ಕೊರಿಯಾದವರ ಉಪ್ಪಿನಕಾಯಿ. ಕೋಸಿಗೆ ಉಪ್ಪು ಸವರಿ ಬಾಡಿಸಿಟ್ಟೆವು. ಬ್ಯಾಡಗಿ ಪುಡಿ, ಬೆಳ್ಳುಳ್ಳಿ, ಶುಂಠಿ, ಅಕ್ಕಿಹಿಟ್ಟಿನ ಗಂಜಿ. ಮೊಬೈಲಿನ ಹೆಂಗಸು ಮೀನಿನ ಸಾಸ್ ಸುರಿಯುತ್ತಿದ್ದಳು. ತರಿಸೋಣವಾ ಎಂದೆ.

"ಬೇಡ. ನೀವೂ ತಿನ್ಬೇಕಲ್ಲ."

ಸುಮ್ಮನೆ ಹೇಳಿಬಿಟ್ಟಳು, ಕೋಸು ಹಿಂಡುತ್ತಾ. ನಾನು ತಲೆ ಎತ್ತಲಿಲ್ಲ. ಕೈಯೆಲ್ಲ ಖಾರ, ಕಣ್ಣು ಒರೆಸುವಂತಿರಲಿಲ್ಲ.

ಗಾಜಿನ ಡಬ್ಬಕ್ಕೆ ತುಂಬಿ, ಹುಳಿ ಬರಲಿ ಎಂದು ಬಿಗಿಯಾಗಿ ಮುಚ್ಚಿದ್ದಾಯಿತು.

ಡಿಸೆಂಬರ್ 10, ಮಂಗಳವಾರ

ಕರಿಕೆಯಿಂದ ಫೋನ್. ದಮಯಂತಿಯಮ್ಮ, ಮೋಕ್ಷಿತಾಳ ಅಮ್ಮನ ತಾಯಿ. ಇವರು ಅಂಗಳಕ್ಕೆ ಹೋಗಿ ಮಾತಾಡಿದರು. ಬಂದವರ ಮುಖ ನೋಡಿಯೇ ಗೊತ್ತಾಯಿತು.

"ಹುತ್ತರಿ ಹಬ್ಬ ಮುಗಿದ ಮೇಲೆ ಬರ್ತಾರಂತೆ. ಕರ್ಕೊಂಡು ಹೋಗ್ಲಿಕ್ಕೆ. ಜೂನಿಂದ ಹತ್ತನೇ ಕ್ಲಾಸೂ ಅಲ್ಲೇ."

"ಯಾಕೆ?"

"ಇಲ್ಲಿ ಊಟ ಸೇರೋದಿಲ್ಲ, ಬರ್ತೇನೆ ಅಂತ ಮೋಕ್ಷಿತಾಳೇ ಹೇಳಿದ್ಲಂತೆ. ಅಕ್ಟೋಬರಲ್ಲಿ."

ಅಕ್ಟೋಬರ್. ಇದೆಲ್ಲ ಶುರುವಾಗುವ ಮೊದಲು. ಆದರೂ... ಈಗಲೂ ಅದೇ ಮನಸ್ಸಿದ್ದರೆ? ಕೇಳಲು ಬಾಯಿ ಬರಲಿಲ್ಲ. ನಾನು ಯಾರು ತಡೆಯಲಿಕ್ಕೆ.

ಡಿಸೆಂಬರ್ 22, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಇವತ್ತು ಬರೆಯದೆ ಇರಲಾರೆ.

ಹನ್ನೊಂದಕ್ಕೆ ಬಂದರು ದಮಯಂತಿಯಮ್ಮ. ಬಿಳಿ ಸೀರೆ, ದೊಡ್ಡ ಖಾಲಿ ಬ್ಯಾಗು. ಆ ಖಾಲಿ ಬ್ಯಾಗನ್ನು ನಾನೇ ಒಳಗೆ ತಂದಿಟ್ಟೆ. ಅನ್ನ, ಬೇಳೆ ಸಾರು, ಪಲ್ಯ ಮಾಡಿದ್ದೆ, ಧೈರ್ಯವಿಲ್ಲದ ಅಡುಗೆ. ಮೋಕ್ಷಿತಾ ತಾನಾಗಿ ಕಿಮ್ಚಿ ಡಬ್ಬ ತಂದಳು. ಮುಚ್ಚಳ ತಿರುಗಿಸಿದಳು. ಬುಸ್ಸೆಂದು ಕೆಂಪು ರಸ ಚಿಮ್ಮಿ ಅಜ್ಜಿಯ ಸೀರೆಗೆ!

"ಅಯ್ಯೋ! ಎಂತ ವಾಸನೆ ಇದು?"

ನಾನು ಒದ್ದೆ ಬಟ್ಟೆ ತಂದು ಒರೆಸುತ್ತಾ ಕ್ಷಮಿಸಿ, ಕ್ಷಮಿಸಿ ಎಂದೆ. ಅವರು ನನ್ನ ಕೈ ಸರಿಸಿದರು. ಒರಟಾಗಿ ಅಲ್ಲ. "ಇರ್ಲಿ ಬಿಡು. ಮೋಚು, ಊಟ ಆದ ಮೇಲೆ ನಿನ್ನ ಬಟ್ಟೆ ತುಂಬಿಸು."

ಹುಡುಗಿ ಡಬ್ಬದ ಬಾಯಿ ಒರೆಸುತ್ತಲೇ ಇದ್ದಳು. "ಕ್ರಿಸ್ಮಸ್ ರಜೆಗೆ ಬರ್ತೇನಜ್ಜಿ. ರಜೆ ಮುಗಿದ್ಮೇಲೆ ಇಲ್ಲಿಗೇ."

"ನೀನೇ ಹೇಳಿದ್ದಲ್ಲ ಮಗ?"

"ಹೇಳಿದ್ದೆ."

"ಮತ್ತೆ?"

ಇವರು ಏನೋ ಹೇಳಹೊರಟರು, ನಾನು ಕಣ್ಣಲ್ಲೇ ಬೇಡ ಎಂದೆ.

"ಅಲ್ಲಿ ನಾನು ಏನು ತಿಂದ್ರೂ ನೀವು ಅಳ್ತೀರಜ್ಜಿ. ಅಮ್ಮನಿಗೆ ಇದು ಇಷ್ಟ, ಅಮ್ಮ ಅದನ್ನ ಹೀಗೆ ಮಾಡ್ತಿದ್ಲು ಅಂತ. ನಂಗೆ ಗಂಟಲಲ್ಲಿ ಇಳಿಯೋದಿಲ್ಲ. ನಾನೂ ಇಲ್ಲಿ ಹಾಗೇ ಮಾಡ್ತಿದ್ದೆ... ಈಗ ಇಲ್ಲಿ ಕೆಟ್ಟೋದ್ರೆ ನಗ್ತೇವೆ. ಅಷ್ಟೆ."

ದಮಯಂತಿಯಮ್ಮ ಸೀರೆಯ ಕೆಂಪು ಕಲೆಯನ್ನು ಬೆರಳಿನಿಂದ ಉಜ್ಜಿದರು. ಮಗಳನ್ನು ಕಳೆದುಕೊಂಡವರು ಅವರು. ನನಗೆ ಅವರ ಮುಖ ನೋಡಲಾಗಲಿಲ್ಲ. ಆಮೇಲೆ ತಟ್ಟೆ ಮುಂದೆ ಚಾಚಿದರು.

"ಅದ್ ಎಂತದು, ಹಾಕು ನೋಡುವ."

ಅನ್ನಕ್ಕೆ ಕಲಸಿ ಬಾಯಿಗಿಟ್ಟರು. ಅಗಿದರು. ಕಣ್ಣಲ್ಲಿ ನೀರು ಬಂತು. ಮೋಕ್ಷಿತಾ ಗಾಬರಿಯಿಂದ ನೋಡಿದಳು.

"ಇದು ಖಾರಕ್ಕೆ!" ಎಂದು ಗದರಿದರು. "ಅಳೋದಲ್ಲ. ನೀರು ಕೊಡು." ನೀರು ಕುಡಿದು, ನನ್ನ ಕಡೆ ತಿರುಗಿ, "ಒಳ್ಳೆದುಂಟು. ಇನ್ನು ಸ್ವಲ್ಪ ಹಾಕು."

ನಾನು ಹಿತ್ತಲಿಗೆ ಹೋಗಿ ತೊಟ್ಟಿಯ ನೀರನ್ನು ಮುಖಕ್ಕೆ ಎರಚಿಕೊಂಡೆ. ಎಷ್ಟೋ ತಿಂಗಳಿಂದ ಕಟ್ಟಿಟ್ಟ ಉಸಿರು ಈಗ ಹೊರಗೆ ಬಂದ ಹಾಗೆ.

ಡಿಸೆಂಬರ್ 28, ಶನಿವಾರ

ಹುಡುಗಿ ಕರಿಕೆಯಲ್ಲಿ. ಮನೆ ಖಾಲಿ ಖಾಲಿ, ಆದರೆ ಹೆದರಿಕೆಯ ಖಾಲಿ ಅಲ್ಲ. ಬ್ಯಾಗಿನಲ್ಲಿ ಒಂದು ವಾರದ್ದೇ ಬಟ್ಟೆ ಇಟ್ಟುಕೊಂಡಳು, ನಾನೇ ನೋಡಿದ್ದೇನೆ. ಸಂಜೆ ಫೋನ್. ಅಜ್ಜಿಗೆ ಮೊಟ್ಟೆ ಬೇಯಿಸುತ್ತಿದ್ದಾಳಂತೆ. "ನೀರು ಎಷ್ಟು?" ಎಂದಳು. ನನ್ನನ್ನು! ಹಿಂದಿನಿಂದ ಅಜ್ಜಿಯ ದನಿ, ಉಕ್ಕಿತು, ಉಕ್ಕಿತು ಅಂತ. ಫೋನ್ ಕಟ್. ಒಬ್ಬಳೇ ನಕ್ಕೆ.

ಜನವರಿ 1, ಬುಧವಾರ

ಇವತ್ತು ಬರುತ್ತಾಳೆ. ಆನ್‌ಲೈನಲ್ಲಿ ತರಿಸಿದ ಸಮುದ್ರಪಾಚಿಯ ಹಾಳೆ ನಿನ್ನೆ ತಲುಪಿದೆ, ಕಾರ್ಬನ್ ಪೇಪರಿನ ಹಾಗೆ ಕಪ್ಪು. ಅದರಲ್ಲಿ ಅನ್ನ, ಕ್ಯಾರೆಟ್, ಸೌತೆ ಇಟ್ಟು ಸುರುಳಿ ಸುತ್ತುವುದು. ಸೋನಾಮಸೂರಿ ಉದುರಿಹೋಯಿತು. ರೇಷನ್ ಅಕ್ಕಿ ಅಂಟಿತು, ಚೆನ್ನಾಗಿ. ಮೂರು ಸುರುಳಿ ಸುತ್ತಿದ್ದೇನೆ, ನಮಗೆ ಮೂವರಿಗೆ. ಒಂದು ಸೊಟ್ಟ. ಅದು ನನಗೆ.

ಅವಳು ಬರುವವರೆಗೆ ಮುಟ್ಟಬಾರದು ಎಂದು ಇವರಿಗೆ ಹೇಳಿದ್ದೇನೆ. ಎರಡು ಸಲ ಅಡುಗೆಮನೆಗೆ ಬಂದು ಹೋದರು, ನೀರು ಕುಡಿಯುವ ನೆಪದಲ್ಲಿ.

ಗೇಟಿನಲ್ಲಿ ಜೀಪ್. ಮೋಕ್ಷಿತಾ ಇಳಿದಳು. ಹಿಂದಿನಿಂದ ಇನ್ನೂ ಯಾರೋ... ಅಯ್ಯೋ, ಅಜ್ಜಿಯೂ ಬಂದಿದ್ದಾರೆ! ಕೈಯಲ್ಲಿ ಒಂದು ದೊಡ್ಡ ಕೋಸು. ಅನ್ನ ಸಾಲದು, ಇನ್ನೊಂದು ಪಾವು ಅಕ್ಕಿ ಇಡಬೇಕು.